ವಿಂಡೋಸ್ ಇರಲಿ, ಪಕ್ಕದಲ್ಲೇ ಲಿನಕ್ಸ್ ಹಾಕೋಣ

ಸಾಗರದಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ನಾಲ್ಕನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು. ಮೊದಲು ವಿಂಡೋಸ್ 7 ಇತ್ತು, ಆಮೇಲೆ ಅದರ ಮೇಲೇ 10 ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 (ಮಷೀನಿನ ಒಳಗಿನ ಒಂದು ಭದ್ರತಾ ಸೌಲಭ್ಯ) ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. ಮಷೀನ್ ಚೆನ್ನಾಗಿಯೇ ಓಡುತ್ತಿದೆ. ಅದನ್ನು ಗುಜರಿಗೆ ಹಾಕೋದು ಅಂದರೆ ನನಗೆ ಮನಸ್ಸೇ ಬರಲಿಲ್ಲ. ಅದಕ್ಕೇ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕೋಣ ಅಂದೆ.

ಭಾವನಿಗೆ ಅಡಿಕೆ ವ್ಯಾಪಾರ. ಲೆಕ್ಕ ಪೂರ್ತಿ ಟ್ಯಾಲಿಯಲ್ಲಿದೆ. ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ಓಡೋದಿಲ್ಲ. "ಟ್ಯಾಲಿಗೆ ಏನಾದ್ರೂ ಆದ್ರೆ ನಾನು ನಿನ್ನ ಬಿಡೋದಿಲ್ಲ ಮಾರಾಯ" ಅಂದರು. ಅಕ್ಕ ಬೇರೆಯದೇ ಕೇಳಿದಳು: "ಫೋಟೊ ಎಲ್ಲ ಬೇರೆ ಕಡೆ ತೆಗೆದಿಟ್ಟೆಯೇನೋ?" ಅವಳು ಹಾಗೆ ಕೇಳೋದಕ್ಕೆ ಕಾರಣ ಇದೆ. 2011ರಲ್ಲಿ ನಾನು ಮೊದಲ ಸಲ ಲಿನಕ್ಸ್ ಹಾಕುವಾಗ, ಇನ್‌ಸ್ಟಾಲರ್ ಕೇಳಿದ ಒಂದು ಪ್ರಶ್ನೆಯನ್ನು ಸರಿಯಾಗಿ ಓದದೆ ಮುಂದೆ ಒತ್ತಿದೆ. ಇಡೀ ಡಿಸ್ಕ್ ಅಳಿಸಿಹೋಯಿತು. ಅವಳ ಮದುವೆ ಫೋಟೊಗಳಲ್ಲಿ ಫೋಟೊಗ್ರಾಫರ್ ಕೊಟ್ಟ ಸಿಡಿಯಲ್ಲಿ ಇದ್ದವಷ್ಟೇ ಉಳಿದವು.

ಹಾಗಾಗಿ ಈ ಲೇಖನದಲ್ಲಿ ಲಿನಕ್ಸ್ ಹಾಕೋ ಭಾಗ ಚಿಕ್ಕದು, ಹಾಕೋದಕ್ಕೆ ಮುಂಚಿನ ಭಾಗ ದೊಡ್ಡದು. ಇನ್‌ಸ್ಟಾಲ್ ಆಗೋದಕ್ಕೆ ಅರ್ಧ ಗಂಟೆ ಸಾಕು. ಅದಕ್ಕೆ ಮೊದಲು ವಿಂಡೋಸ್ ಒಳಗೆ ಮಾಡೋ ತಯಾರಿಗೆ ಅರ್ಧ ದಿನ ಕೊಡಿ. ಡ್ಯುಯಲ್ ಬೂಟ್ (ಒಂದೇ ಮಷೀನಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಡೋದು) ಕೆಟ್ಟ ಕಡೆಯೆಲ್ಲ ನಾನು ನೋಡಿದ್ದು ಈ ತಯಾರಿಯ ಕೊರತೆಯನ್ನೇ.

ಯಾವ ಲಿನಕ್ಸ್?

ನಾನು ಹಾಕಿದ್ದು ಲಿನಕ್ಸ್ ಮಿಂಟ್ 22. ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ ಬಳಸಿದವರಿಗೆ ಕೆಳಗಿನ ಪಟ್ಟಿ, ಎಡಮೂಲೆಯ ಮೆನು ಎಲ್ಲ ಪರಿಚಿತವಾಗಿಯೇ ಕಾಣುತ್ತದೆ. ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಬಗೆ ಇವೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ತಗೊಳ್ಳಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಸಾಕು ಅಂತ ಮಿಂಟ್‌ನವರು ಹೇಳುತ್ತಾರೆ. ನಾನು 60 ಜಿಬಿಗಿಂತ ಕಡಿಮೆ ಕೊಡೋದಿಲ್ಲ. ಜಾಗ ಇದ್ದರೆ 100 ಕೊಡಿ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. 8 ಜಿಬಿ ಪೆನ್‌ಡ್ರೈವ್ ಒಂದು (ಅದರಲ್ಲಿರೋದೆಲ್ಲ ಅಳಿಸಿಹೋಗುತ್ತದೆ), ಬ್ಯಾಕಪ್‌ಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದು. ಆಮೇಲೆ ಯುಪಿಎಸ್. ಡೆಸ್ಕ್‌ಟಾಪ್‌ಗೆ ಲ್ಯಾಪ್‌ಟಾಪ್ ಹಾಗೆ ಬ್ಯಾಟರಿ ಇಲ್ಲ ಅಲ್ವಾ? ಪಾರ್ಟಿಷನ್ (ಸಿ, ಡಿ ಥರ ಡಿಸ್ಕಿನ ಒಂದು ಭಾಗ) ಕಿರಿದು ಮಾಡ್ತಾ ಇರುವಾಗ ಕರೆಂಟು ಹೋದರೆ ಆ ಪಾರ್ಟಿಷನ್ನೇ ಹಾಳಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳೋ ಹಾಗಿಲ್ಲ. ಯುಪಿಎಸ್ ಹಳೆಯದಾಗಿದ್ದರೆ ಮೊದಲೇ ಪ್ಲಗ್ ಕಿತ್ತು ಎಷ್ಟು ನಿಮಿಷ ತಡೆಯುತ್ತದೆ ಅಂತ ನೋಡಿಕೊಳ್ಳಿ. ಈ ಪರೀಕ್ಷೆಯನ್ನು ಯಾವ ಕೆಲಸವೂ ನಡೆಯದೆ ಇರುವಾಗ ಮಾಡಿ.

ಮೊದಲು ಬ್ಯಾಕಪ್

ಫೋಟೊ, ದಾಖಲೆ, ಟ್ಯಾಲಿ ಡೇಟಾ ಫೋಲ್ಡರ್, ಇಮೇಲ್ ಫೈಲುಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು. ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಹಾಕಿ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಮಾಡಿದ್ದು ಬ್ಯಾಕಪ್ ಅಲ್ಲ. ಎರಡೂ ಇರೋದು ಒಂದೇ ಡಿಸ್ಕ್‌ನಲ್ಲಿ. ಕಾಪಿ ಆದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೋಟೊ, ಒಂದೆರಡು ಫೈಲ್ ತೆರೆದು ನೋಡಿ. ಟ್ಯಾಲಿ ಬ್ಯಾಕಪ್ಪನ್ನು ಟ್ಯಾಲಿಯ ಒಳಗಿಂದಲೂ ಒಮ್ಮೆ ತೆಗೆದುಕೊಳ್ಳಿ. ಎಲ್ಲ ಮುಗಿದ ಮೇಲೆ ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಇನ್‌ಸ್ಟಾಲ್ ಮುಗಿಯೋ ತನಕ ಅದನ್ನು ಮಷೀನ್‌ಗೆ ಮತ್ತೆ ಚುಚ್ಚಬೇಡಿ.

ವಿಂಡೋಸ್ ಹೇಗೆ ಕೂತಿದೆ ಅಂತ ನೋಡಿ

ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್‌ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಬಲಗಡೆ ಪಟ್ಟಿಯಲ್ಲಿ ಬಯಾಸ್ ಮೋಡ್ ಅನ್ನೋ ಸಾಲು ಇರುತ್ತದೆ (ಬಯಾಸ್ ಅಂದರೆ ಮಷೀನ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡೋ, ಮದರ್‌ಬೋರ್ಡಿನಲ್ಲೇ ಇರೋ ತಂತ್ರಾಂಶ). ಅದರ ಎದುರು ಯುಇಎಫ್‌ಐ (ಹೊಸ ಬಗೆ) ಅಂತ ಇದೆಯೋ ಲೆಗಸಿ (ಹಳೆಯ ಬಗೆ) ಅಂತ ಇದೆಯೋ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲಿನಕ್ಸನ್ನೂ ಅದೇ ಮೋಡ್‌ನಲ್ಲಿ ಹಾಕಬೇಕು. ವಿಂಡೋಸ್ ಒಂದು ಮೋಡ್, ಲಿನಕ್ಸ್ ಇನ್ನೊಂದು ಮೋಡ್ ಆದರೆ ಎರಡೂ ಒಂದೇ ಮೆನುವಿನಲ್ಲಿ ಬರೋದಿಲ್ಲ.

ಈಗ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ಡಿಸ್ಕ್ 0 ಅಂತ ಒಂದು ಉದ್ದ ಪಟ್ಟಿ ಕಾಣುತ್ತದೆ. ಅದರ ಹೆಸರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ವಾಲ್ಯೂಮ್ಸ್. ಅಲ್ಲಿ ಪಾರ್ಟಿಷನ್ ಸ್ಟೈಲ್ (ಡಿಸ್ಕನ್ನು ಭಾಗ ಮಾಡಿರೋ ಬಗೆ) ಜಿಪಿಟಿ ಅಂತ ಇದ್ದರೆ ತಲೆಬಿಸಿ ಇಲ್ಲ. ಎಂಬಿಆರ್ ಅಂತ ಇದ್ದರೆ ಒಂದು ಮಿತಿ ಇದೆ. ಎಂಬಿಆರ್ ಡಿಸ್ಕ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್ ಇರಬಹುದು. ಜಾಸ್ತಿ ಬೇಕಾದರೆ ನಾಲ್ಕರಲ್ಲಿ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಪಾರ್ಟಿಷನ್ ಮಾಡಿಕೊಳ್ಳಬೇಕು.

ಭಾವನ ಮಷೀನಿನದ್ದು ಲೆಗಸಿ, ಎಂಬಿಆರ್. ಪಟ್ಟಿ ನೋಡಿದಾಗ ಎಡಗಡೆಯಿಂದ ಹೀಗಿತ್ತು: ಸಿಸ್ಟಂ ರಿಸರ್ವ್ಡ್ ಅನ್ನೋ ಪುಟಾಣಿ ಪಾರ್ಟಿಷನ್, ಸಿ ಡ್ರೈವ್, ವಿಂಡೋಸ್ 10 ಬಂದಾಗ ಸೇರಿಕೊಂಡ ರಿಕವರಿ ಪಾರ್ಟಿಷನ್, ಆಮೇಲೆ ಹಸಿರು ಚೌಕಟ್ಟಿನ ಒಳಗೆ ಡಿ ಮತ್ತು ಇ. ಆ ಹಸಿರು ಚೌಕಟ್ಟೇ ಎಕ್ಸ್‌ಟೆಂಡೆಡ್. ಅಂದರೆ ನಾಲ್ಕೂ ಸ್ಥಾನ ಭರ್ತಿ. ಇಲ್ಲಿ ಸಿ ಡ್ರೈವನ್ನು ಕಿರಿದು ಮಾಡಿ 60 ಜಿಬಿ ಬಿಡಿಸಿದರೂ ಪ್ರಯೋಜನ ಇಲ್ಲ. ಆ ಜಾಗ ಹಸಿರು ಚೌಕಟ್ಟಿನ ಹೊರಗೆ ಉಳಿಯುತ್ತದೆ. ಐದನೇ ಪ್ರೈಮರಿ ಮಾಡೋ ಹಾಗಿಲ್ಲವಾದ್ದರಿಂದ ಲಿನಕ್ಸ್ ಇನ್‌ಸ್ಟಾಲರ್ ಅದನ್ನು "ಬಳಸಲಾಗದ ಜಾಗ" ಅಂತ ತೋರಿಸುತ್ತದೆ.

ಈ ಹಂತದಲ್ಲಿ ವಿಂಡೋಸ್ ಒಂದು ಅಪಾಯದ ಸಲಹೆ ಕೊಡೋದುಂಟು. ಇನ್ನೊಂದು ಪಾರ್ಟಿಷನ್ ಮಾಡಲು ಹೋದರೆ, ಡಿಸ್ಕನ್ನು ಡೈನಾಮಿಕ್ ಡಿಸ್ಕ್ ಆಗಿ ಬದಲಾಯಿಸಲೇ ಅಂತ ಕೇಳುತ್ತದೆ. ದಯವಿಟ್ಟು ನೋ ಒತ್ತಿ. ಡೈನಾಮಿಕ್ ಆಯಿತೆಂದರೆ ಲಿನಕ್ಸ್ ಇನ್‌ಸ್ಟಾಲರ್‌ಗೆ ಅದು ಅರ್ಥವಾಗೋದಿಲ್ಲ. ಅದನ್ನು ಹಿಂದಕ್ಕೆ ತರೋದೂ ಸುಲಭವಲ್ಲ.

ನಾನು ಮಾಡಿದ್ದು ಇಷ್ಟು. ಇ ಡ್ರೈವ್‌ನಲ್ಲಿ ಹಳೆಯ ಸಿನಿಮಾ, ಯಾವತ್ತೋ ಇಳಿಸಿದ ಡ್ರೈವರ್ ಫೈಲುಗಳೇ ತುಂಬಿದ್ದವು. ಬೇಕಾದ್ದನ್ನು ಡಿಗೆ ಸಾಗಿಸಿ, ಇ ಮೇಲೆ ಬಲ ಕ್ಲಿಕ್ ಮಾಡಿ ಡಿಲೀಟ್ ವಾಲ್ಯೂಮ್ ಕೊಟ್ಟೆ. ಅದು ಲಾಜಿಕಲ್ ಪಾರ್ಟಿಷನ್ ಆದ್ದರಿಂದ ಹಸಿರು ಚೌಕಟ್ಟಿನ ಒಳಗೇ ಖಾಲಿ ಜಾಗ ಉಳಿಯಿತು. ಲಿನಕ್ಸ್ ಅಲ್ಲಿ ಆರಾಮಾಗಿ ಕೂರುತ್ತದೆ. ಸಿ, ಡಿ, ಇ ಅಂತ ಹಂಚಿದ ಹಳೆಯ ಡೆಸ್ಕ್‌ಟಾಪ್ ನಿಮ್ಮಲ್ಲೂ ಇದ್ದರೆ ಇದೇ ದಾರಿ ಹಿಡಿಯಿರಿ. ವಿಂಡೋಸ್ ಕೂತಿರುವ ಸಿ ಡ್ರೈವನ್ನು ಮುಟ್ಟೋ ಪ್ರಸಂಗವೇ ಬರೋದಿಲ್ಲ.

ಜಿಪಿಟಿ ಡಿಸ್ಕ್ ಇದ್ದು ಸಿ ಒಂದೇ ಇದ್ದರೆ ಕಿರಿದು ಮಾಡಲೇಬೇಕು. ಸಿ ಮೇಲೆ ಬಲ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. 60 ಜಿಬಿಗೆ 61440, 100 ಜಿಬಿಗೆ 102400 ಅಂತ ಹಾಕಿ. ಕಪ್ಪು ಪಟ್ಟಿಯ ಕೆಳಗೆ ಅನ್‌ಅಲೊಕೇಟೆಡ್ ಅಂತ ಬಂದರೆ ಆಯಿತು. ಅಲ್ಲಿಗೇ ನಿಲ್ಲಿಸಿ, ಹೊಸ ವಾಲ್ಯೂಮ್ ಮಾಡಬೇಡಿ. ಕೆಲವೊಮ್ಮೆ 200 ಜಿಬಿ ಖಾಲಿ ಇದ್ದರೂ ಬರೀ 10 ಜಿಬಿ ಕಿರಿದಾಗಬಹುದು ಅನ್ನುತ್ತದೆ. ಮಧ್ಯದಲ್ಲೆಲ್ಲೋ ಜರುಗಿಸಲು ಆಗದ ಫೈಲ್ ಕೂತಿರುತ್ತದೆ, ಅದಕ್ಕೆ. ಸಿಸ್ಟಂ ಪ್ರೊಟೆಕ್ಷನ್ ಮತ್ತು ವರ್ಚುವಲ್ ಮೆಮೊರಿ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕೆಲಸ ಆದ ಮೇಲೆ ಎರಡನ್ನೂ ಮತ್ತೆ ಆನ್ ಮಾಡೋದು ಮರೆಯಬೇಡಿ.

ಇನ್ನೊಂದು ಡಿಸ್ಕ್ ಹಾಕೋ ದಾರಿ

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ನನ್ನ ಮೊದಲ ಸಲಹೆಯೇ ಇದು. ಡೆಸ್ಕ್‌ಟಾಪ್ ಕ್ಯಾಬಿನೆಟ್‌ನಲ್ಲಿ ಸಾಮಾನ್ಯವಾಗಿ ಇನ್ನೊಂದು ಡಿಸ್ಕ್‌ಗೆ ಜಾಗ ಇರುತ್ತದೆ. 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ, ಒಂದು ಸಾಟಾ ಕೇಬಲ್ ತನ್ನಿ. ಪವರ್ ಕೇಬಲ್ ಗೋಡೆಯಿಂದಲೇ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ (ಕೈಯಲ್ಲಿರೋ ಸ್ಟ್ಯಾಟಿಕ್ ಹೋಗುತ್ತದೆ), ಎಡಗಡೆ ತಗಡು ತೆಗೆಯಿರಿ. ಸಣ್ಣ ಕೇಬಲ್ ಮದರ್‌ಬೋರ್ಡ್‌ಗೆ, ಅಗಲದ್ದು ಎಸ್‌ಎಂಪಿಎಸ್‌ನಿಂದ (ಮಷೀನಿಗೆ ಕರೆಂಟು ಕೊಡೋ ಪೆಟ್ಟಿಗೆ). ಎರಡೂ ಎಲ್ ಆಕಾರದ ಬಾಯಿ, ತಿರುಗಾಮುರುಗಾ ಕೂರೋದಿಲ್ಲ. ಒತ್ತಾಯ ಮಾಡಿ ತುರುಕಬೇಡಿ.

ಆಮೇಲೆ ಹಳೆಯ ಡಿಸ್ಕ್‌ನ ಕೇಬಲ್ ಕಿತ್ತಿಟ್ಟು, ಹೊಸದರ ಮೇಲೆ ಮಾತ್ರ ಲಿನಕ್ಸ್ ಹಾಕಿ. ಇನ್‌ಸ್ಟಾಲರ್ ಕೆಲವೊಮ್ಮೆ ನಾವು ಬೇರೆ ಡಿಸ್ಕ್ ಆರಿಸಿದ್ದರೂ ಬೂಟ್ ಫೈಲುಗಳನ್ನು ಮೊದಲ ಡಿಸ್ಕ್‌ಗೇ ಬರೆದುಬಿಡುತ್ತದೆ. ಹಳೆಯ ಡಿಸ್ಕ್ ಕಿತ್ತಿದ್ದರೆ ಆ ಚಿಂತೆಯೇ ಇಲ್ಲ. ಮುಗಿದ ಮೇಲೆ ಕೇಬಲ್ ಮತ್ತೆ ಹಾಕಿ, ಲಿನಕ್ಸ್ ಡಿಸ್ಕನ್ನು ಬಯಾಸ್‌ನಲ್ಲಿ ಮೊದಲನೆಯದಾಗಿ ಇಡಿ. ಎಸ್‌ಎಸ್‌ಡಿ ಮೇಲೆ ಕೂತ ಮಿಂಟ್ ಅಂತೂ ಹಳೆಯ ಮಷೀನನ್ನು ಹೊಸದು ಮಾಡಿದ ಹಾಗೆ ಓಡುತ್ತದೆ.

ವಿಂಡೋಸ್‌ನಲ್ಲಿ ಮುಚ್ಚಬೇಕಾದ ಎರಡು ಬಾಗಿಲು

ಮೊದಲನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಬಂದದ್ದು. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಆರೋದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಡ್ರೈವ್‌ಗಳು ಇನ್ನೂ ತನ್ನ ಹಿಡಿತದಲ್ಲೇ ಇವೆ ಅಂತ ಗುರುತು ಹಾಕಿಟ್ಟಿರುತ್ತದೆ. ಆಗ ಲಿನಕ್ಸ್‌ನಿಂದ ಡಿ ಡ್ರೈವ್ ತೆರೆದರೆ ಓದಬಹುದು, ಬರೆಯೋಕೆ ಬಿಡೋದಿಲ್ಲ. ಒತ್ತಾಯದಿಂದ ಬರೆದರೆ ಫೈಲುಗಳು ಕೆಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅಲ್ಲಿ ಎಡಗಡೆ ಪವರ್ ಬಟನ್ ಏನು ಮಾಡಬೇಕು ಅನ್ನೋ ಕೊಂಡಿ, ಅದರೊಳಗೆ ಈಗ ಲಭ್ಯವಿಲ್ಲದ ಸೆಟ್ಟಿಂಗ್ ಬದಲಾಯಿಸಿ ಅನ್ನೋ ಕೊಂಡಿ. ಕೆಳಗೆ ಫಾಸ್ಟ್ ಸ್ಟಾರ್ಟಪ್ ಎದುರಿನ ಟಿಕ್ ತೆಗೆದು ಸೇವ್ ಮಾಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಆ ಟಿಕ್ ವಾಪಸ್ ಬಂದಿದೆಯೋ ಅಂತಲೂ ಆಗಾಗ ನೋಡಿ.

ಎರಡನೆಯದು ಬಿಟ್‌ಲಾಕರ್, ಡಿಸ್ಕ್‌ನಲ್ಲಿರೋದಕ್ಕೆಲ್ಲ ಬೀಗ ಹಾಕೋ ವಿಂಡೋಸ್ ಸೌಲಭ್ಯ. ಹಳೆಯ ಜೋಡಿಸಿದ ಮಷೀನ್‌ಗಳಲ್ಲಿ ಇರೋದು ಅಪರೂಪ. ಹೊಸ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ, ಅದರಲ್ಲೂ ವಿಂಡೋಸ್ 11ರಲ್ಲಿ, ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದರೂ ಸಾಕು, ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಈಗಲೇ ಹೋಗಿ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಡಿಸ್ಕ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಪಾರ್ಟಿಷನ್ ಕೆಲಸಕ್ಕೆ ಹೋಗಿ.

ಪೆನ್‌ಡ್ರೈವ್ ತಯಾರಿ

ಲಿನಕ್ಸ್ ಮಿಂಟ್‌ನ ಅಧಿಕೃತ ಜಾಲತಾಣದಿಂದಲೇ ಐಎಸ್‌ಒ ಫೈಲ್ (ಇಡೀ ಮಿಂಟ್ ಇರೋ ಒಂದೇ ಫೈಲ್) ಇಳಿಸಿ. ಸುಮಾರು 3 ಜಿಬಿ ಇರುತ್ತದೆ. ಪೆನ್‌ಡ್ರೈವ್‌ಗೆ ಬರೆಯಲು ವಿಂಡೋಸ್‌ನಲ್ಲಿ ರೂಫಸ್ ಅನ್ನೋ ಪುಟ್ಟ ತಂತ್ರಾಂಶ ಸಾಕು. ರೂಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ, ಅದರ ಪಕ್ಕ ಟಿಕ್ ಗುರುತಿನ ಚಿಕ್ಕ ಬಟನ್ ಇದೆ. ಅದನ್ನು ಒತ್ತಿದರೆ ಎಸ್‌ಎಚ್‌ಎ256 ಅಂತ 64 ಅಕ್ಷರದ ಸಾಲು ಬರುತ್ತದೆ. ಮಿಂಟ್‌ನ ಪುಟದಲ್ಲಿ ಕೊಟ್ಟಿರೋ ಸಾಲಿನ ಜೊತೆ ಹೋಲಿಸಿ. ಮೊದಲ ಎಂಟು, ಕೊನೆಯ ಎಂಟು ಅಕ್ಷರ ನೋಡಿದರೂ ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ದರೆ ಗೊತ್ತಾಗಿಬಿಡುತ್ತದೆ. ಹಳ್ಳಿ ಕಡೆ ಮೊಬೈಲ್ ಇಂಟರ್ನೆಟ್ಟಿನಲ್ಲಿ ಇಳಿಸಿದವರು ಇದನ್ನು ಬಿಡಲೇಬೇಡಿ.

ರೂಫಸ್‌ನ ಉಳಿದ ಆಯ್ಕೆಗಳು ಹೇಗಿವೆಯೋ ಹಾಗೇ ಇರಲಿ. ಮಧ್ಯದಲ್ಲಿ ಐಎಸ್‌ಒ ಮೋಡೋ ಡಿಡಿ ಮೋಡೋ ಅಂತ ಕೇಳಿದರೆ ಐಎಸ್‌ಒ ಅನ್ನಿ. ಮೇಲೆ ಸರಿಯಾದ ಪೆನ್‌ಡ್ರೈವ್ ಆರಿಸಿದೆಯಾ ಅಂತ ಸೈಜ್ ನೋಡಿ ಖಚಿತ ಮಾಡಿಕೊಂಡೇ ಸ್ಟಾರ್ಟ್ ಒತ್ತಿ.

ಹಾಕೋ ಮೊದಲು ಓಡಿಸಿ ನೋಡಿ

ಮಷೀನ್ ಆಫ್ ಮಾಡಿ, ಪೆನ್‌ಡ್ರೈವ್ ಹಾಕಿ, ಆನ್ ಮಾಡಿದ ತಕ್ಷಣ ಬೂಟ್ ಮೆನು (ಯಾವ ಡ್ರೈವ್‌ನಿಂದ ಶುರುವಾಗಬೇಕು ಅಂತ ಕೇಳೋ ಪಟ್ಟಿ) ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಫ್9, ಏಸುಸ್ ಬೋರ್ಡ್‌ನಲ್ಲಿ ಎಫ್8, ಎಂಎಸ್‌ಐ ಮತ್ತು ಏಎಸ್‌ರಾಕ್‌ನಲ್ಲಿ ಎಫ್11. ಪಟ್ಟಿಯಲ್ಲಿ ನಿಮ್ಮ ಪೆನ್‌ಡ್ರೈವ್ ಹೆಸರು ಎರಡು ಸಲ ಕಾಣಬಹುದು. ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದರ ಹಿಂದೆ ಇರೋದಿಲ್ಲ. ಆ ಚೀಟಿ ತೆಗೆಯಿರಿ. ಯುಇಎಫ್‌ಐ ಅಂತ ಬರೆದಿದ್ದರೆ ಯುಇಎಫ್‌ಐ ಇರೋದನ್ನೇ ಆರಿಸಿ, ಲೆಗಸಿ ಆದರೆ ಇಲ್ಲದ್ದನ್ನು.

ಮಿಂಟ್ ನೇರ ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತದೆ, ಡಿಸ್ಕ್‌ಗೆ ಏನೂ ಬರೆಯೋದಿಲ್ಲ. ಪರದೆ ಕಪ್ಪಾಗೇ ಉಳಿದರೆ ರೀಸ್ಟಾರ್ಟ್ ಮಾಡಿ, ಮೊದಲ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಪೆನ್‌ಡ್ರೈವನ್ನೇ ಒಪ್ಪದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶದಿಂದ ಮಷೀನ್ ಶುರುವಾಗದಂತೆ ತಡೆಯೋ ಸೆಟ್ಟಿಂಗ್) ಆಫ್ ಮಾಡಿ ನೋಡಿ.

ಅಲ್ಲಿ ಒಂದರ್ಧ ಗಂಟೆ ಸುಮ್ನೆ ಓಡಾಡಿ. ಸೌಂಡ್ ಬರುತ್ತದಾ? ಪರದೆಯ ಅಳತೆ ಸರಿ ಇದೆಯಾ? ಫೈರ್‌ಫಾಕ್ಸ್‌ನಲ್ಲಿ ಒಂದು ಕನ್ನಡ ಪತ್ರಿಕೆ ತೆರೆದು ಒತ್ತಕ್ಷರ ಸರಿ ಮೂಡುತ್ತವಾ ನೋಡಿ. ಪ್ರಿಂಟರ್ ಚುಚ್ಚಿ ಒಂದು ಹಾಳೆ ತೆಗೆಯಿರಿ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸ್‌ನಲ್ಲಿ ಒಳ್ಳೆಯ ಡ್ರೈವರ್ ಇಲ್ಲ. ಅದು ಈಗಲೇ ಗೊತ್ತಾದರೆ ಒಳ್ಳೆಯದು.

ಡೆಸ್ಕ್‌ಟಾಪ್‌ನಲ್ಲಿ ಹೆಚ್ಚು ತೊಂದರೆ ಕೊಡೋದು ಯುಎಸ್‌ಬಿಗೆ ಚುಚ್ಚೋ ವೈಫೈ ಅಡಾಪ್ಟರ್. ಕೆಲವು ತಾನಾಗೇ ಓಡುತ್ತವೆ, ಕೆಲವಕ್ಕೆ ಡ್ರೈವರ್ ಬೇರೆ ಹಾಕಬೇಕು. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಇದಕ್ಕೆ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮಿಂಟ್‌ಗೆ ಅದು ತಂತಿಯ ಇಂಟರ್ನೆಟ್ ಥರವೇ ಕಾಣುತ್ತದೆ, ಕ್ಷಣದಲ್ಲಿ ಸಂಪರ್ಕ ಸಿಗುತ್ತದೆ. ಅಕ್ಕನ ಮನೆಯಲ್ಲಿ ನಾನು ಮಾಡಿದ್ದೂ ಇದನ್ನೇ.

ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಚಿತ್ರದ ಮೇಲೆ ಡಬಲ್ ಕ್ಲಿಕ್. ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ ಬೇಕೇ ಅಂದರೆ ಟಿಕ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲಿ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಹಾಗೆ ಇಟ್ಟಿದ್ದರೆ, ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಅಲ್ಲಿ ಎನ್‌ರೋಲ್ ಮೋಕ್ ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

ಮುಂದಿನ ಪರದೆಯೇ ಮುಖ್ಯ. ಇನ್‌ಸ್ಟಾಲೇಶನ್ ಟೈಪ್. ಮೂರು ಸಾಲು ಕಾಣುತ್ತವೆ. ವಿಂಡೋಸ್ ಪಕ್ಕದಲ್ಲಿ ಹಾಕು ಅನ್ನೋದು ಒಂದು. ಡಿಸ್ಕ್ ಅಳಿಸಿ ಹಾಕು ಅನ್ನೋದು ಇನ್ನೊಂದು. 2011ರಲ್ಲಿ ನಾನು ಒತ್ತಿದ್ದು ಇದನ್ನೇ. ಇದು ಡಿಸ್ಕ್‌ನ ಎಲ್ಲ ಡ್ರೈವ್‌ಗಳನ್ನೂ ಅಳಿಸುತ್ತದೆ, ಸಿ ಒಂದನ್ನೇ ಅಲ್ಲ. ಮೂರನೆಯದು ಸಮ್‌ಥಿಂಗ್ ಎಲ್ಸ್. ಪಕ್ಕದಲ್ಲಿ ಹಾಕೋ ಮೊದಲ ಆಯ್ಕೆ ಸಾಮಾನ್ಯವಾಗಿ ಸರಿಯಾಗೇ ಕೆಲಸ ಮಾಡುತ್ತದೆ. ಆದರೂ ನಾನು ಯಾವಾಗಲೂ ಸಮ್‌ಥಿಂಗ್ ಎಲ್ಸ್ ತಗೊಳ್ಳುತ್ತೇನೆ. ಯಾವ ಜಾಗಕ್ಕೆ ಹೋಗ್ತಾ ಇದೆ ಅಂತ ನನ್ನ ಕಣ್ಣಿಗೇ ಕಾಣಬೇಕು.

ವಿಂಡೋಸ್ ಪಕ್ಕದಲ್ಲಿ ಹಾಕೋ ಸಾಲು ಕಾಣಿಸದೇ ಇದ್ದರೆ, ಅಥವಾ ಯುಇಎಫ್‌ಐ ಮೋಡ್‌ನಲ್ಲೇ ಬಲವಂತವಾಗಿ ಹಾಕಲೇ ಅಂತ ಕೇಳಿದರೆ, ಅಲ್ಲೇ ನಿಲ್ಲಿಸಿ. ಪೆನ್‌ಡ್ರೈವ್ ತಪ್ಪು ಮೋಡ್‌ನಲ್ಲಿ ಬೂಟ್ ಆಗಿರೋ ಸಾಧ್ಯತೆಯೇ ಜಾಸ್ತಿ. ಹಿಂದೆ ಹೋಗಿ, ಬೂಟ್ ಮೆನುವಿನಲ್ಲಿ ಇನ್ನೊಂದು ಸಾಲು ಆರಿಸಿ. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇರಬಹುದು. ಅದು ಎಎಚ್‌ಸಿಐ ಆಗಬೇಕು. ಆದರೆ ಸುಮ್ನೆ ಬದಲಾಯಿಸಿದರೆ ವಿಂಡೋಸ್ ಏಳೋದಿಲ್ಲ. ಮೊದಲು ವಿಂಡೋಸ್ ಸೇಫ್ ಮೋಡ್‌ಗೆ ಬರುವಂತೆ ಸಿಸ್ಟಂ ಕಾನ್ಫಿಗರೇಶನ್‌ನಲ್ಲಿ ಹೊಂದಿಸಿ, ಆಮೇಲೆ ಬಯಾಸ್‌ನಲ್ಲಿ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಹೊಂದಿಕೆ ತೆಗೆಯಿರಿ.

ಸಮ್‌ಥಿಂಗ್ ಎಲ್ಸ್ ಒಳಗೆ ಪಾರ್ಟಿಷನ್‌ಗಳ ಪಟ್ಟಿ ಇರುತ್ತದೆ. ಇಲ್ಲಿ ಸಿ, ಡಿ ಅನ್ನೋ ಹೆಸರಿಲ್ಲ. ಎಸ್‌ಡಿಎ1, ಎಸ್‌ಡಿಎ2 ಅಂತ ಇರುತ್ತವೆ. ಗಾಬರಿ ಬೇಡ, ಸೈಜ್ ನೋಡಿ ಗುರುತು ಹಿಡಿಯಿರಿ. ಎನ್‌ಟಿಎಫ್‌ಎಸ್ ಅಂತ ಇರೋವು ವಿಂಡೋಸ್‌ನವು, ಮುಟ್ಟಬೇಡಿ. ನೀವು ಬಿಡಿಸಿಟ್ಟ ಜಾಗ ಫ್ರೀ ಸ್ಪೇಸ್ ಅಂತ ಕಾಣುತ್ತದೆ. ಅದನ್ನು ಆರಿಸಿ, ಪ್ಲಸ್ ಒತ್ತಿ. ಬಳಕೆ ಎಕ್ಸ್‌ಟಿ4, ಮೌಂಟ್ ಪಾಯಿಂಟ್‌ನಲ್ಲಿ ಬರೀ ಒಂದು ಓರೆಗೆರೆ (/). ಎಂಬಿಆರ್ ಡಿಸ್ಕ್‌ನ ಹಸಿರು ಚೌಕಟ್ಟಿನ ಜಾಗವಾದರೆ ಬಗೆ ಲಾಜಿಕಲ್ ಅಂತಿರಲಿ. ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಬೇರೆ ಮಾಡೋದು ಬೇಡ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ.

ಯುಇಎಫ್‌ಐ ಮಷೀನಾದರೆ ಪಟ್ಟಿಯಲ್ಲಿ 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್ ಇರುತ್ತದೆ. ವಿಂಡೋಸ್ ಬೂಟ್ ಆಗೋದು ಅದರಿಂದಲೇ. ಲಿನಕ್ಸ್ ಕೂಡ ಅದರಲ್ಲೇ ಒಂದು ಮೂಲೆ ಹಿಡಿಯುತ್ತದೆ. ಫಾರ್ಮ್ಯಾಟ್ ಟಿಕ್ ಮಾತ್ರ ಅದರ ಎದುರು ಇರಬಾರದು. ಕೆಳಗೆ ಬೂಟ್ ಲೋಡರ್ ಎಲ್ಲಿಗೆ ಅನ್ನೋ ಕಡೆ ಇಡೀ ಡಿಸ್ಕಿನ ಹೆಸರು ಇರಲಿ. ಎಸ್‌ಡಿಎ ಅಂತ, ಕೊನೆಯಲ್ಲಿ ಅಂಕಿ ಇಲ್ಲದೆ.

ಇನ್‌ಸ್ಟಾಲ್ ಒತ್ತಿದ ಮೇಲೆ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಅಂತ ಒಂದು ಪೆಟ್ಟಿಗೆಯಲ್ಲಿ ತೋರಿಸುತ್ತದೆ. ಅದನ್ನು ಗಟ್ಟಿಯಾಗಿ ಓದಿ. ನಿಮ್ಮ ಎಕ್ಸ್‌ಟಿ4 ಒಂದೇ ಇರಬೇಕು. ಬೇರೆ ಏನಾದರೂ ಇದ್ದರೆ ಗೋ ಬ್ಯಾಕ್. ಇಲ್ಲಿಯ ತನಕ ಡಿಸ್ಕ್‌ಗೆ ಏನೂ ಬರೆದಿರೋದಿಲ್ಲ, ಹಿಂದೆ ಹೋದರೆ ನಷ್ಟವಿಲ್ಲ. ನಾನು ಭಾವನನ್ನೂ ಪಕ್ಕಕ್ಕೆ ಕರೆದು ಓದಿಸಿದೆ. ಅವರು ಎರಡು ಸಲ ಓದಿ, "ಡಿ ಹೆಸರಿಲ್ಲ ತಾನೆ? ಒತ್ತು" ಅಂದರು. ಆಮೇಲೆ ನಕ್ಷೆಯಲ್ಲಿ ಕೋಲ್ಕತ್ತ ಸಮಯ ಆರಿಸಿ, ಹೆಸರು, ಪಾಸ್‌ವರ್ಡ್ ಕೊಡಿ. ಮುಗಿದಾಗ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್.

ಎದ್ದ ಮೇಲೆ

ಈಗ ಗ್ರಬ್ ಮೆನು, ಅಂದರೆ ಯಾವುದಕ್ಕೆ ಹೋಗಬೇಕು ಅಂತ ಕೇಳೋ ಪಟ್ಟಿ ಬರುತ್ತದೆ. ಮೇಲೆ ಲಿನಕ್ಸ್ ಮಿಂಟ್, ಕೆಳಗೆ ವಿಂಡೋಸ್. ಮೊದಲು ವಿಂಡೋಸ್‌ಗೇ ಹೋಗಿ ಎಲ್ಲ ಸರಿ ಇದೆಯಾ ನೋಡಿ. ಭಾವ ಟ್ಯಾಲಿ ತೆರೆದು ಒಂದು ವೋಚರ್ ಹಾಕಿ ನೋಡಿದ ಮೇಲೆಯೇ ಕಾಫಿ ಕುಡಿದದ್ದು.

ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಹೆದರಬೇಡಿ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಬಿಲ್‌ಗಳ ತಾರೀಖಿಗೆ ಇದು ಪೆಟ್ಟು ಕೊಡಬಹುದು, ಬೇಗ ಸರಿ ಮಾಡಿ. ಮಿಂಟ್‌ನಲ್ಲಿ ಟರ್ಮಿನಲ್ (ಆದೇಶ ಟೈಪ್ ಮಾಡೋ ಕಿಟಕಿ) ತೆರೆದು ಹೀಗೆ ಬರೆಯಿರಿ. ಟೈಮ್‌ಡೇಟ್‌ಸಿಟಿಎಲ್ ಅಂತ ಒಂದೇ ಪದ, ಜಾಗ ಬಿಟ್ಟು ಸೆಟ್-ಲೋಕಲ್-ಆರ್‌ಟಿಸಿ, ಮತ್ತೆ ಜಾಗ ಬಿಟ್ಟು 1. ಎಲ್ಲ ಇಂಗ್ಲಿಷ್ ಸಣ್ಣಕ್ಷರ, ಮಧ್ಯದ ಅಡ್ಡಗೆರೆ ಸಮೇತ: timedatectl set-local-rtc 1

ಮೆನುವಿನಲ್ಲಿ ತಾನಾಗೇ ಹೋಗೋದು ಲಿನಕ್ಸ್‌ಗೆ. ಮನೆಯವರಿಗೆ ವಿಂಡೋಸ್ ಮೊದಲು ಬೇಕಾದರೆ ಈಟಿಸಿ ಫೋಲ್ಡರ್‌ನ ಡೀಫಾಲ್ಟ್ ಫೋಲ್ಡರನ್ನು (/etc/default) ಬಲ ಕ್ಲಿಕ್ ಮಾಡಿ ರೂಟ್ ಆಗಿ ತೆರೆಯಿರಿ. ಅಲ್ಲಿ ಗ್ರಬ್ ಅನ್ನೋ ಫೈಲ್‌ನಲ್ಲಿ ಗ್ರಬ್ ಡೀಫಾಲ್ಟ್ (GRUB_DEFAULT) ಸಾಲಿನ 0 ಬದಲು ವಿಂಡೋಸ್‌ನ ಸಂಖ್ಯೆ ಹಾಕಿ. ಮೆನುವಿನ ಮೊದಲ ಸಾಲನ್ನು ಸೊನ್ನೆ ಅಂತ ಎಣಿಸಬೇಕು. ಮೂರನೇ ಸಾಲಿನಲ್ಲಿದ್ದರೆ 2. ಸೇವ್ ಮಾಡಿ, ಟರ್ಮಿನಲ್‌ನಲ್ಲಿ ಸುಡೊ ಜಾಗ ಅಪ್‌ಡೇಟ್-ಗ್ರಬ್ (sudo update-grub) ಅಂತ ಕೊಡಿ. ಪಾಸ್‌ವರ್ಡ್ ಕೇಳಿದರೆ ಹೊಡೆದು ಎಂಟರ್ ಕೊಡಿ. ಎರಡನೇ ಡಿಸ್ಕ್‌ಗೆ ಹಾಕಿದವರಿಗೆ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ, ಎರಡೂ ಡಿಸ್ಕ್ ಸೇರಿಸಿದ ಮೇಲೆ ಇದೇ ಆದೇಶ ಕೊಟ್ಟರೆ ಸಾಮಾನ್ಯವಾಗಿ ಸೇರಿಕೊಳ್ಳುತ್ತದೆ.

ಕನ್ನಡ ಬರೆಯೋದಕ್ಕೆ ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಹೊಸ ಲೇಔಟ್ ಸೇರಿಸಿ. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಇದೆ, ಕಗಪ ಕೂಡ ಇದೆ. ನುಡಿಯಲ್ಲಿ ಕೈ ಪಳಗಿದವರಿಗೆ ಕಗಪ ಹತ್ತಿರವಾಗುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದಿಟ್ಟ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಹಾಕದಿದ್ದರೆ ಲಿಬ್ರೆ ಆಫೀಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಆ ಫಾಂಟನ್ನು ಕಾಪಿ ಮಾಡಿ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ.

ಕೆಲವೊಮ್ಮೆ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನು ಬರದೆ ನೇರ ವಿಂಡೋಸ್ ಏಳುತ್ತದೆ. ಲಿನಕ್ಸ್ ಎಲ್ಲೂ ಹೋಗಿರೋದಿಲ್ಲ. ಬಯಾಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಅನ್ನೋ ಸಾಲನ್ನು ಮೇಲೆ ತನ್ನಿ (ಮಿಂಟ್ ಕೂಡ ಆ ಹೆಸರಲ್ಲೇ ಇರುತ್ತದೆ). ಅದಕ್ಕೂ ಬಗ್ಗದಿದ್ದರೆ ಅದೇ ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೆನುವಿನಲ್ಲಿ ಬೂಟ್ ರಿಪೇರ್ ಓಡಿಸಿ. ಅದಕ್ಕೇ ಆ ಪೆನ್‌ಡ್ರೈವನ್ನು ಬೇರೆ ಕೆಲಸಕ್ಕೆ ತೆಗೆಯಬೇಡಿ.

ಮುಂದೆ ಯಾವತ್ತಾದರೂ ಲಿನಕ್ಸ್ ಬೇಡ ಅನ್ನಿಸಿದರೆ, ಮೊದಲು ವಿಂಡೋಸ್ ತಾನಾಗಿ ಏಳುವಂತೆ ಮಾಡಿ, ಆಮೇಲೆ ಪಾರ್ಟಿಷನ್ ಅಳಿಸಿ. ಉಲ್ಟಾ ಮಾಡಿದರೆ ಗ್ರಬ್ ರೆಸ್ಕ್ಯೂ ಅನ್ನೋ ಕಪ್ಪು ಪರದೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಬೂಟ್ ಕ್ರಮದ ಮೊದಲಿಗೆ ತಂದರೆ ಸಾಕು. ಲೆಗಸಿ ಮಷೀನ್‌ನಲ್ಲಿ ವಿಂಡೋಸ್ ರಿಕವರಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೂಟ್‌ರೆಕ್, ಜಾಗ, ಓರೆಗೆರೆ ಹಾಕಿ ಫಿಕ್ಸ್‌ಎಂಬಿಆರ್ (bootrec /fixmbr) ಅಂತ ಕೊಡಬೇಕು. ವಿಂಡೋಸ್ ಒಂದು ಸಲ ಗ್ರಬ್ ಇಲ್ಲದೆ ಎದ್ದದ್ದನ್ನು ನೋಡಿದ ಮೇಲೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಷನ್ ಅಳಿಸಿ, ಆ ಜಾಗದಲ್ಲಿ ಮತ್ತೆ ಇ ಡ್ರೈವ್ ಮಾಡಿಕೊಳ್ಳಬಹುದು.